ಸಿಟ್ರಿಜಿನ್ ಗುಳಿಗಿ ದಿನಾ ತಗೋಬಹುದಾ? ಭತ್ತದ ಧೂಳು, ಅಪ್ಪನ ಬಿಪಿ, ತಮ್ಮನ ರಾತ್ರಿ ಟ್ರ್ಯಾಕ್ಟರ್

ಕಾರಟಗಿ ಕಾಲುವೆ ಕೇಳಿದ್ದು:

ನಮ್ಮ ಕಡೆ ಭತ್ತದ ಕಟಾವು ಶುರು ಆಗೇತಿ. ಮಷಿನ್ ಹೊಲಕ್ಕ ಇಳಿದ್ರ ಸಾಕು, ಮನಿಯಾಗ ಮೂರು ಮಂದಿಗೆ ಸೀನು, ಮೂಗು ಸೋರೋದು, ಕಣ್ಣು ತುರಿಸೋದು. ಮೂವರದೂ ಬ್ಯಾರೆ ಬ್ಯಾರೆ ಕತಿ.

ಅಪ್ಪಗ 64 ವರ್ಷ. ಬಿಪಿ ಗುಳಿಗಿ ನಡದೈತಿ, ಪ್ರಾಸ್ಟೇಟ್ ಸಲುವಾಗಿ ರಾತ್ರಿ ಒಂದು ಗುಳಿಗಿ ಐತಿ. ಸೀನು ಹತ್ತಿದ್ರ ಕಿರಾಣಿ ಅಂಗಡ್ಯಾಗ ಸಿಗೋ ನೆಗಡಿ ಗುಳಿಗಿ ತಗೋತಾರ. ತಮ್ಮ ರಾತ್ರಿ ಟ್ರ್ಯಾಲಿ ತುಂಬಿಕೊಂಡು ರೈಸ್ ಮಿಲ್ಲಿಗೆ ಹೋಗ್ತಾನ. ಅವನು ಮುಂಜಾನೆ ಸಿಟ್ರಿಜಿನ್ 10, ಸಂಜಿಗೆ ಲಿವೊಸೆಟಿರಿಜಿನ್-ಮಾಂಟೆಲುಕಾಸ್ಟ್ ಅಂತ ಬರದಿರೋ ಇನ್ನೊಂದು. ಅಣ್ಣನ ಮಗಳಿಗೆ 5 ವರ್ಷ, ಆಕಿಗೆ ದೊಡ್ಡವರ ಗುಳಿಗಿ ಮುರಿದು ಅರ್ಧ ಕೊಡ್ತಾರ.

ಇದು ಸರಿ ಐತೇನ್ರಿ? ದಿನಾ ತಗೊಂಡ್ರ ಚಟ ಆಗ್ತದಾ? ನಿದ್ದಿ ಬರದಂಥ ಗುಳಿಗಿ ಯಾವುದು?

ಸಿಂಧನೂರು ಮೆಡಿಕಲ್ ಬರೆದಿದ್ದು:

ಮೊದಲು ಅಪ್ಪಾಜಿ ವಿಷಯ. ಮೂವರಲ್ಲಿ ತಕ್ಷಣ ಬದಲಾಗಬೇಕಾದದ್ದು ಅವರದೇ.

ನೆಗಡಿ ಗುಳಿಗೆಯ ಪಟ್ಟಿ ತಿರುಗಿಸಿ ಸಣ್ಣ ಅಕ್ಷರ ಓದಿ. ಹೆಚ್ಚಿನವುಗಳಲ್ಲಿ ಮೂರು ಔಷಧಿ ಇರುತ್ತವೆ: ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್. ಜ್ವರ ಇಲ್ಲದವರಿಗೆ ಪ್ಯಾರಾಸಿಟಮಾಲ್ ಬೇಕಾಗಿಲ್ಲ. ಫಿನೈಲೆಫ್ರಿನ್ ರಕ್ತನಾಳ ಬಿಗಿಸುವ ಔಷಧಿ, ಅಂದರೆ ಬಿಪಿ ಗುಳಿಗೆ ಇಳಿಸಿದ್ದನ್ನು ಇದು ಏರಿಸಬಲ್ಲದು. ಕ್ಲೋರ್‌ಫೆನಿರಮಿನ್ ಹಳೆಯ ತಲೆಮಾರಿನ ಅಲರ್ಜಿ ಔಷಧಿ. ಅದು ಹಿಸ್ಟಮಿನ್ ಅನ್ನು, ಅಂದರೆ ಸೀನು-ತುರಿಕೆ ತರಿಸುವ ದೇಹದ ರಾಸಾಯನಿಕವನ್ನು, ತಡೆಯುವುದರ ಜೊತೆಗೆ ಮೂತ್ರಕೋಶದ ಸ್ನಾಯುವನ್ನೂ ಸಡಿಲ ಮಾಡುತ್ತದೆ. ಪ್ರಾಸ್ಟೇಟ್ ದಪ್ಪಗಾದವರಿಗೆ ಮೊದಲೇ ಮೂತ್ರ ತಡೆದು ತಡೆದು ಬರುತ್ತದೆ, ಈ ಗುಳಿಗೆ ಬಿದ್ದ ರಾತ್ರಿ ಪೂರ್ತಿ ಕಟ್ಟಿಕೊಂಡು ಪೈಪ್ ಹಾಕಿಸುವ ಪರಿಸ್ಥಿತಿ ಬರಬಹುದು. ಕಣ್ಣಿನ ಒತ್ತಡ ಇರುವವರಿಗೂ, ಅದರಲ್ಲೂ ಕೋನ ಮುಚ್ಚುವ ಗ್ಲಾಕೋಮಾ ಇದ್ದರೆ, ಇದು ಬೇಡ. ವಯಸ್ಸಾದವರಿಗೆ ಬಾಯಿ ಒಣಗುವುದು, ಮಲಬದ್ಧತೆ, ರಾತ್ರಿ ಎದ್ದಾಗ ತೂಕಡಿಸಿ ಬೀಳುವುದು ಇವೆಲ್ಲ ಬೇರೆ. ಫೆನಿರಮಿನ್, ಪ್ರೊಮೆಥಜಿನ್, ಹೈಡ್ರಾಕ್ಸಿಜಿನ್ ಕೂಡ ಇದೇ ಗುಂಪಿನವು.

ಅವರಿಗೆ ಸಾಮಾನ್ಯವಾಗಿ ಹೊಂದುವುದು ಲೊರಾಟಡಿನ್ 10 ಮಿ.ಗ್ರಾಂ ಅಥವಾ ಫೆಕ್ಸೊಫೆನಡಿನ್ 120 ಮಿ.ಗ್ರಾಂ, ದಿನಕ್ಕೆ ಒಂದೇ ಸಲ. ಆದರೆ ಶುರು ಮಾಡುವ ಮೊದಲು ಕಿಡ್ನಿ ನೋಡಿಸಿ. ಬಹಳ ವರ್ಷ ಬಿಪಿ ಇದ್ದವರಲ್ಲಿ ಕಿಡ್ನಿ ಸದ್ದಿಲ್ಲದೆ ಕುಗ್ಗಿರುತ್ತದೆ. ಸೆಟಿರಿಜಿನ್ (ನೀವು ಹೇಳಿದ ಸಿಟ್ರಿಜಿನ್), ಲಿವೊಸೆಟಿರಿಜಿನ್ ಎರಡೂ ಹೆಚ್ಚಾಗಿ ಮೂತ್ರದಲ್ಲೇ ಹೊರಹೋಗುತ್ತವೆ, ಕಿಡ್ನಿ ದುರ್ಬಲವಾದರೆ ಒಳಗೇ ಉಳಿದು ಮಂಪರು ಹೆಚ್ಚುತ್ತದೆ. ಅಂಥವರಿಗೆ ವೈದ್ಯರು ಸೆಟಿರಿಜಿನ್ 5ಕ್ಕೆ ಇಳಿಸುತ್ತಾರೆ, ಕಿಡ್ನಿ ಪೂರ್ತಿ ಕೈಕೊಟ್ಟಿದ್ದರೆ ಕೊಡುವುದೇ ಇಲ್ಲ. ಲೊರಾಟಡಿನ್, ಫೆಕ್ಸೊಫೆನಡಿನ್‌ಗೂ ಆಗ ಪ್ರಮಾಣ ಬದಲಾಗುತ್ತದೆ. ಸೀರಂ ಕ್ರಿಯಾಟಿನಿನ್ ಒಂದು ಸಣ್ಣ ರಕ್ತ ಪರೀಕ್ಷೆ, ಬಿಪಿಗೆ ಹೇಗೂ ಮಾಡಿಸಬೇಕಾದದ್ದೇ.

ಕಿರಾಣಿ ಅಂಗಡಿಯ ಬಿಡಿ ಗುಳಿಗೆ ಬೇಡ. ಪಟ್ಟಿ ಕತ್ತರಿಸಿದಾಗ ಹೆಸರೂ ಹೋಗುತ್ತದೆ, ತಾರೀಖೂ ಹೋಗುತ್ತದೆ.

ಟಿಪ್ಪರ್ ತೋರಣಗಲ್ಲು ಬರೆದಿದ್ದು:

ತಮ್ಮನ ಬಗ್ಗೆ ನಾ ಹೇಳ್ತೀನ್ರಿ. ಅದಿರಿನ ಲಾರಿ, ಟಿಪ್ಪರ್ ಓಡಿಸೋರಾಗ ಇದ ತಪ್ಪು ಭಾಳ ನಡಿತೈತಿ.

ಸೆಟಿರಿಜಿನ್, ಲಿವೊಸೆಟಿರಿಜಿನ್ ಎರಡೂ ಬ್ಯಾರೆ ಔಷಧಿ ಅಲ್ಲ. ಸೆಟಿರಿಜಿನ್‌ನಾಗ ಎಡ-ಬಲ ಎರಡು ರೂಪ ಕೂಡಿರ್ತಾವ, ಕೆಲಸ ಮಾಡೋದು ಮುಖ್ಯವಾಗಿ ಒಂದ. ಆ ಒಂದನ್ನ ಬ್ಯಾರೆ ಮಾಡಿದ್ರ ಅದು ಲಿವೊಸೆಟಿರಿಜಿನ್. ಅದಕ್ಕ ಸಿಟ್ರಿಜಿನ್ 10 ಅಂದ್ರ ಲಿವೊ 5ಕ್ಕ ಸಮ. ನಿಮ್ಮ ತಮ್ಮ ಮುಂಜಾನಿ ಒಂದು ಸಂಜಿ ಒಂದು ಅಂತ ಒಂದೇ ಔಷಧಿ ದುಪ್ಪಟ್ಟು ನುಂಗಾಕತ್ಯಾನ, ಅದೂ ಗಾಡಿ ಹತ್ತೋ ಹೊತ್ತಿಗೆ. ದುಪ್ಪಟ್ಟು ತಗೊಂಡ್ರ ಸೀನು ಅರ್ಧ ಆಗಂಗಿಲ್ಲ, ನಿದ್ದಿ ಮಾತ್ರ ಹೆಚ್ಚಾಗ್ತದ. ಹೊಸ ಗುಳಿಗಿ, ನಿದ್ದಿ ಬರಂಗಿಲ್ಲ ಅಂತ ಸಿಟ್ರಿಜಿನ್‌ಗ ಹೇಳ್ತಾರ, ಆದ್ರ ಹೊಸ ಗುಂಪಿನಾಗ ಹೆಚ್ಚು ಮಂಪರು ತರೋದು ಅದ. ಎಲ್ಲಾರಿಗೂ ಅಲ್ಲ, ಕೆಲವರಿಗೆ. ಆ ಕೆಲವರಾಗ ತಾನು ಅದೀನೋ ಇಲ್ಲೋ ಅಂತ ಗಂಗಾವತಿ ರೋಡಿನಾಗ ಪರೀಕ್ಷೆ ಮಾಡೋದಲ್ಲ.

ಮಾಂಟೆಲುಕಾಸ್ಟ್ ಇನ್ನೊಂದು ಮಾತು. 2020ರಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕ ತನ್ನ ಅತಿ ದೊಡ್ಡ ಎಚ್ಚರಿಕೆ ಹಾಕೇತಿ: ಕೆಟ್ಟ ಕನಸು, ಸಿಡುಕು, ಮನಸು ಕುಗ್ಗೋದು, ಸಾಯೋ ವಿಚಾರ ಬರೋದು. ಬರೇ ಮೂಗಿನ ಅಲರ್ಜಿಗೆ ಬ್ಯಾರೆ ಔಷಧಿ ಹೊಂದದಿದ್ರ ಮಾತ್ರ ಇದನ್ನ ಬಳಸ್ರಿ ಅಂತಾರ. ದಮ್ಮು ಇದ್ರ ಡಾಕ್ಟರು ಬರೀಬಹುದು, ಆದ್ರ ಅಂಗಡ್ಯಾಗ ಕೇಳಿ ತಗೊಳ್ಳೋದಲ್ಲ.

ಡ್ರೈವಿಂಗ್ ಮಾಡೋರಿಗೆ ಫೆಕ್ಸೊಫೆನಡಿನ್ 120 ಒಳ್ಳೇದು, ಅದು ಮಿದುಳಿಗೆ ಹೋಗೋದು ಭಾಳ ಕಮ್ಮಿ. ಮೊದಲನೇ ಗುಳಿಗಿ ಗಾಡಿ ಓಡಿಸದ ದಿನ ತಗೊಂಡು ನೋಡ್ಲಿ. ಇದಕ್ಕ ಒಂದು ಕಟ್ಟಳೆ ಐತಿ: ನೀರಿನ ಜೋಡಿನ ನುಂಗಬೇಕು. ಮೋಸಂಬಿ, ಕಿತ್ತಳೆ, ಸೇಬಿನ ಜ್ಯೂಸ್ ಜೋಡಿ ತಗೊಂಡ್ರ ಕರುಳು ಅದನ್ನ ಸರಿಯಾಗಿ ಹೀರಿಕೊಳ್ಳಂಗಿಲ್ಲ, ಗುಳಿಗಿ ದಂಡ. ಎದಿ ಉರಿಗೆ ಕುಡಿಯೋ ಗುಲಾಬಿ ಸಿರಪ್ ಇರ್ತದಲ್ಲ, ಅಲ್ಯೂಮಿನಿಯಂ-ಮೆಗ್ನೀಸಿಯಂದು, ಅದಕ್ಕೂ ಇದಕ್ಕೂ 2 ತಾಸು ಅಂತರ ಇರ್ಲಿ. ಡಾಕ್ಟರು ಇದೇ ಹೊಸ ಗುಂಪಿನ ಬಿಲಾಸ್ಟಿನ್ 20 ಬರದು ಕೊಟ್ರ ಅದು ಖಾಲಿ ಹೊಟ್ಟಿಗೆ: ಊಟಕ್ಕ 1 ತಾಸು ಮೊದಲು, ಇಲ್ಲಾ ಉಂಡು 2 ತಾಸು ಆದ ಮ್ಯಾಲೆ.

ಹೊತ್ತೂ ಮುಖ್ಯ. ಧೂಳಿನಾಗ ಹೋಗೋದಕ್ಕ ಒಂದೆರಡು ತಾಸು ಮೊದಲ ತಗೊಳ್ಳಿ. ಹಿಸ್ಟಮಿನ್ ಹೋಗಿ ಕೂಡೋ ಜಾಗದಾಗ ಗುಳಿಗಿ ಮೊದಲ ಕೂತ್ರ ಸೀನು ಹತ್ತಂಗಿಲ್ಲ. ನೂರು ಸೀನು ಸೀನಿದ ಮ್ಯಾಲೆ ತಗೊಂಡ್ರ ಹಿಸ್ಟಮಿನ್ ಆಗಲೇ ತನ್ನ ಕೆಲಸ ಮುಗಿಸಿರ್ತದ. ಆಗ "ಗುಳಿಗಿ ಹತ್ತಲಿಲ್ಲ" ಅಂತ ಇನ್ನೊಂದು ನುಂಗ್ತಾರ. ಮತ್ತ ಯಾವ ಅಲರ್ಜಿ ಗುಳಿಗಿ ಇದ್ರೂ ಆ ರಾತ್ರಿ ಎಣ್ಣಿ ಹಾಕೋದು ಬ್ಯಾಡ.

ಕಾರಟಗಿ ಕಾಲುವೆ:

ಭಾಳ ಉಪಕಾರ ಆತ್ರಿ. ಇನ್ನೊಂದು ಕೇಳ್ತೀನಿ. ಸಿಟ್ರಿಜಿನ್ ತಗೊಂಡ್ರ ಸೀನು ನಿಲ್ತಾವ, ಆದ್ರ ಕಟ್ಟಿದ ಮೂಗು ಬಿಡಂಗಿಲ್ಲ. ಊರಾಗ ಒಬ್ರು ಕಾಗದದ ಪೊಟ್ಟಣದಾಗ ಬಿಳಿ ಸಣ್ಣ ಗುಳಿಗಿ ಕೊಡ್ತಾರ, ಅದನ್ನ ತಗೊಂಡ್ರ ಅವತ್ತ ಎಲ್ಲಾ ಸಾಫ್. ಅದು ಯಾವುದಿರಬಹುದು?

ಸಿಂಧನೂರು ಮೆಡಿಕಲ್:

ಹೆಸರಿಲ್ಲದ ಗುಳಿಗೆ ನೋಡದೆ ಹೇಳಲಾಗದು, ಆದರೆ ಅಷ್ಟು ಚೆನ್ನಾಗಿ ಎಲ್ಲವೂ ಮಾಯವಾದರೆ ಮೊದಲ ಅನುಮಾನ ಸ್ಟೀರಾಯ್ಡ್ ಮೇಲೆ. ಬೀಟಾಮೆಥಸೋನ್, ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಈ ಮೂರು ಹೆಸರು ನೆನಪಿಟ್ಟುಕೊಳ್ಳಿ. ವೈದ್ಯರು ಬೇಕಾದಾಗ ಕೆಲವು ದಿನಕ್ಕೆ ಲೆಕ್ಕಹಾಕಿ ಕೊಡುವ ಔಷಧಿ ಇವು. ಸೀಸನ್ ಪೂರ್ತಿ ನುಂಗಿದರೆ ಶುಗರ್ ಏರುತ್ತದೆ, ಬಿಪಿ ಏರುತ್ತದೆ, ಮುಖ ಊದುತ್ತದೆ, ಮೂಳೆ ಸವೆಯುತ್ತದೆ. ಅಲರ್ಜಿ ಔಷಧಿ ಮತ್ತು ಸ್ಟೀರಾಯ್ಡ್ ಒಂದೇ ಗುಳಿಗೆಯಲ್ಲಿ ಕೂಡಿರುವುದೂ ಉಂಟು, ಹಾಗಾಗಿ ಪಟ್ಟಿ ಕೈಗೆ ಕೊಡಿ ಎಂದೇ ಕೇಳಿ. ವಾರಗಟ್ಟಲೆ ದಿನಾ ತಗೊಂಡಿದ್ದರೆ ಇವತ್ತೇ ಫಕ್ಕನೆ ನಿಲ್ಲಿಸಬೇಡಿ. ದೇಹ ತನ್ನ ಸ್ಟೀರಾಯ್ಡ್ ಮಾಡುವುದನ್ನು ಕಡಿಮೆ ಮಾಡಿರುತ್ತದೆ, ನಿಲ್ಲಿಸಿದ ಕೂಡಲೇ ಸುಸ್ತು, ವಾಂತಿ, ಬಿಪಿ ಬೀಳುವುದು ಆಗಬಹುದು. ಪೊಟ್ಟಣ ಹಿಡಿದುಕೊಂಡೇ ಫಿಸಿಶಿಯನ್ ಹತ್ತಿರ ಹೋಗಿ.

ಇಎನ್‌ಟಿ ನರ್ಸ್ ರಾಯಚೂರು ಬರೆದಿದ್ದು:

ಮೂಗು ಕಟ್ಟುವುದು ನರದ ತುರಿಕೆಯಲ್ಲ, ಒಳಪದರ ಊದಿಕೊಂಡದ್ದು. ಅದಕ್ಕೇ ಸೆಟಿರಿಜಿನ್ ಸೀನನ್ನು ನಿಲ್ಲಿಸಿದರೂ ಕಟ್ಟಿದ ಮೂಗಿಗೆ ಹೆಚ್ಚೇನೂ ಮಾಡದು. ಅಲ್ಲಿ ಕೆಲಸ ಮಾಡುವುದು ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಮೂಗಿನ ಸ್ಪ್ರೇ. ಇದೂ ಸ್ಟೀರಾಯ್ಡೇ, ಆದರೆ ಮೂಗಿನಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಗುಳಿಗೆಯ ಸ್ಟೀರಾಯ್ಡ್‌ಗೆ ಇದನ್ನು ಹೋಲಿಸಬೇಡಿ. ಪೂರ್ತಿ ಗುಣ ಕಾಣಲು ಕೆಲವು ದಿನ, ಕೆಲವರಿಗೆ ಎರಡು ವಾರ. ಎರಡು ದಿನ ಹೊಡೆದು "ಉಪಯೋಗ ಇಲ್ಲ" ಎಂದು ಬಿಡುವವರೇ ಹೆಚ್ಚು.

ಹೊಡೆಯುವ ರೀತಿ ತಪ್ಪಿದರೆ ಮೂಗಿನಿಂದ ರಕ್ತ ಬರುತ್ತದೆ. ಬಾಟಲಿ ಕುಲುಕಿ. ಹೊಸದಾದರೆ ಸಣ್ಣ ಮಂಜು ಬರುವ ತನಕ ಗಾಳಿಗೆ ಒತ್ತಿ. ಮೂಗು ಸೀಂಟಿಕೊಂಡು, ತಲೆ ಸ್ವಲ್ಪ ಮುಂದೆ ಬಗ್ಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಆಗ ತುದಿ ತಾನಾಗಿ ಹೊರಗೋಡೆಯ ಕಡೆ, ಕಣ್ಣಿನ ಹೊರ ಮೂಲೆಯ ದಿಕ್ಕಿಗೆ ತಿರುಗುತ್ತದೆ. ನಡುಗೋಡೆಗೆ ಹೊಡೆಯಬಾರದು, ರಕ್ತ ಬರುವುದು ಅಲ್ಲಿಂದಲೇ. ಮೆಲ್ಲಗೆ ಉಸಿರೆಳೆಯಿರಿ. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಇಳಿದು ಕಹಿ ಆಗುತ್ತದೆ, ಮೂಗಿಗೆ ಏನೂ ಉಳಿಯದು.

ತಕ್ಷಣ ಮೂಗು ಬಿಡಿಸುವ ಹನಿಗಳು, ಆಕ್ಸಿಮೆಟಜೋಲಿನ್ ಅಥವಾ ಕ್ಸೈಲೊಮೆಟಜೋಲಿನ್, 5 ದಿನ ಮೀರಬಾರದು. ಮೀರಿದರೆ ಹನಿ ಇಳಿದ ಕೂಡಲೇ ಮೂಗು ಇನ್ನಷ್ಟು ಕಟ್ಟುತ್ತದೆ. ನೀವು ಕೇಳಿದ "ಚಟ" ಇದಕ್ಕೆ ಆಗುತ್ತದೆ, ಸೆಟಿರಿಜಿನ್‌ಗೆ ಅಲ್ಲ. ಆದರೆ ಸೆಟಿರಿಜಿನ್ ತಿಂಗಳುಗಟ್ಟಲೆ ದಿನಾ ತಗೊಂಡು ನಿಲ್ಲಿಸಿದಾಗ ಕೆಲವರಿಗೆ ಮೈಯೆಲ್ಲ ವಿಪರೀತ ತುರಿಕೆ ಬರುತ್ತದೆ. 2025ರಲ್ಲಿ ಎಫ್‌ಡಿಎ ಇದರ ಬಗ್ಗೆಯೂ ಎಚ್ಚರಿಸಿದೆ. ಹಾಗಾದರೆ ಹೊಸ ಅಲರ್ಜಿ ಬಂತೆಂದು ತಿಳಿಯದೆ, ವೈದ್ಯರಿಗೆ ಹೇಳಿ ನಿಧಾನವಾಗಿ ಬಿಡಿಸಿಕೊಳ್ಳಬೇಕು.

ಮಗುವಿಗೆ ಗುಳಿಗೆ ಮುರಿದು ಕೊಡುವುದು ನಿಲ್ಲಿಸಿ. ಮುರಿದಾಗ ಎರಡು ಅರ್ಧ ಸಮ ಆಗುವುದಿಲ್ಲ. ಸಮ ಆದರೂ ಅದು ಆಕೆಯ ಇಡೀ ದಿನದ 5 ಮಿ.ಗ್ರಾಂ ಒಂದೇ ಸಲಕ್ಕೆ ಹೋದಂತೆ. 2ರಿಂದ 5 ವರ್ಷದವರಿಗೆ ಸೆಟಿರಿಜಿನ್ 2.5 ಮಿ.ಗ್ರಾಂ, ದಿನಕ್ಕೆ ಎರಡು ಸಲ. 5 ಮಿ.ಲೀ.ಗೆ 5 ಮಿ.ಗ್ರಾಂ ಎಂದು ಬರೆದ ಸಿರಪ್ ಆದರೆ 2.5 ಮಿ.ಲೀ. ಬಾಟಲಿಯ ಮೇಲಿನ ಸಂಖ್ಯೆ ಓದದೆ ಅಳೆಯಬೇಡಿ, ಹನಿ ರೂಪದ ಔಷಧಿ ಸಿರಪ್‌ಗಿಂತ ಗಟ್ಟಿ ಇರಬಹುದು. ಅಡುಗೆಮನೆ ಚಮಚ ಬೇಡ, ಗೆರೆ ಇರುವ ಮುಚ್ಚಳ ಇಲ್ಲವೇ ಸೂಜಿ ಇಲ್ಲದ ಸಿರಿಂಜ್ ಬಳಸಿ. 2 ವರ್ಷದೊಳಗಿನವರಿಗೆ ವೈದ್ಯರು ಹೇಳದೆ ಯಾವುದೂ ಇಲ್ಲ. ಕ್ಲೋರ್‌ಫೆನಿರಮಿನ್-ಫಿನೈಲೆಫ್ರಿನ್ ಕೂಡಿಸಿದ ನೆಗಡಿ ಸಿರಪ್ 4 ವರ್ಷದೊಳಗಿನ ಮಕ್ಕಳಿಗೆ ಬೇಡವೆಂದು ಬಾಟಲಿ ಮೇಲೆ ಬರೆಯಲು ನಮ್ಮ ಔಷಧ ನಿಯಂತ್ರಣದವರು 2023ರಲ್ಲೇ ಆದೇಶಿಸಿದ್ದಾರೆ.

ಕಾಲುವೆ ದಂಡೆಯ ಬಳ್ಳಾರಿ ಜಾಲಿಯ ಪರಾಗವೂ ಸೀನು ತರಿಸುತ್ತದೆ, ಎಲ್ಲವನ್ನೂ ಭತ್ತದ ತಲೆಗೆ ಕಟ್ಟಬೇಡಿ. ಕಾಂಗ್ರೆಸ್ ಕಸ ತಾಗಿ ಚರ್ಮ ಒರಟಾಗಿ ತುರಿಸುವುದು ಮಾತ್ರ ಬೇರೆ ಜಾತಿಯ ಅಲರ್ಜಿ, ಅದಕ್ಕೆ ಈ ಗುಳಿಗೆಗಳಿಂದ ಪ್ರಯೋಜನ ಕಡಿಮೆ, ಚರ್ಮದ ವೈದ್ಯರೇ ಬೇಕು. ಕಟಾವಿನಲ್ಲಿ ಟವೆಲ್ ಸುತ್ತಿಕೊಂಡರೆ ಸಣ್ಣ ಧೂಳು ತಡೆಯದು, ಎನ್95 ಹಾಕಿ. ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ, ಕುದಿಸಿ ಆರಿಸಿದ ನೀರಿನ ಉಪ್ಪು ದ್ರಾವಣದಿಂದ ಮೂಗು ತೊಳೆಯಿರಿ.

ಎದೆ ಸುಂಯ್‌ಗುಟ್ಟಿದರೆ ಅದು ದಮ್ಮು, ಅಲರ್ಜಿ ಗುಳಿಗೆಗೆ ಬಗ್ಗದು, ಇನ್‌ಹೇಲರ್ ಬೇಕು. ನಾಲಿಗೆ-ತುಟಿ ಊದಿ, ದನಿ ಬದಲಾಗಿ, ಉಸಿರು ಕಟ್ಟಿ ಅಥವಾ ತಲೆ ತಿರುಗಿ ಬಿದ್ದರೆ ಗುಳಿಗೆ ಹುಡುಕುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಫೆನಿರಮಿನ್ ಅದರ ಬದಲಿ ಅಲ್ಲ. ಮಲಗಿಸಿ ಕಾಲು ಎತ್ತರಿಸಿ, ಉಸಿರಾಡಲು ಕಷ್ಟವಾದರೆ ಕೂರಿಸಿ, ಎಬ್ಬಿಸಿ ನಡೆಸಬೇಡಿ.

ಟಿಪ್ಪರ್ ತೋರಣಗಲ್ಲು:

ಚರ್ಮದ ಮ್ಯಾಲೆ ಚುಚ್ಚಿ ನೋಡೋ ಅಲರ್ಜಿ ಟೆಸ್ಟಿಗೆ ಹೋಗೋದಿದ್ರ ಒಂದು ವಾರ ಮೊದಲ ಈ ಅಲರ್ಜಿ ಗುಳಿಗಿ ಎಲ್ಲಾ ನಿಲ್ಲಿಸಬೇಕಾಗ್ತದ, ಇಲ್ಲಾಂದ್ರ ಅಲರ್ಜಿ ಇದ್ರೂ ಗಂಧೆ ಏಳಂಗಿಲ್ಲ, ರಿಪೋರ್ಟ್ ಸುಳ್ಳು ಬರ್ತದ. ಬಿಪಿ ಗುಳಿಗಿ ಮಾತ್ರ ನಿಲ್ಲಿಸಬ್ಯಾಡ್ರಿ, ಯಾವುದು ಅಂತ ಟೆಸ್ಟ್ ಮಾಡೋರಿಗೆ ಹೇಳ್ರಿ.