ಸೀರೆ ಒಂದೇ, ಉಟ್ಟವರು ಬೇರೆ ಬೇರೆ

ಕರಾವಳಿ ಕಿಟ್ಟಿ: ನಮ್ಮ ದೊಡ್ಡಮಾವ ಇಪ್ಪತ್ತು ವರ್ಷ ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಮಾಡಿದವರು. ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ತೊಳೆದು, ಪಂಚೆ ಸುತ್ತಿ, ಬೀಡಿ ಹಚ್ಚಿದರೆ ದಮಯಂತಿ ಹೋಗಿ ಮಾವ ವಾಪಸ್. ಅದೇ ಊರಿನಲ್ಲಿ ನನ್ನ ಜೊತೆ ಓದಿದ ಒಬ್ಬರು ಹದಿನಾರಕ್ಕೆ ಮನೆ ಬಿಟ್ಟರು. ಈಗ ಮುಂಬೈಯಲ್ಲಿ ಹೆಣ್ಣಾಗಿ ಬದುಕುತ್ತಿದ್ದಾರೆ. ಮಾವ ಸೀರೆ ಬಿಚ್ಚಿಟ್ಟರು, ಇವರು ಬಿಚ್ಚಲಿಲ್ಲ. ಇದು ಹುಟ್ಟಿನಿಂದ ಬರುವುದೋ, ಬೆಳೆದ ರೀತಿಯಿಂದಲೋ?

ನೇರನುಡಿ: ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇವೆಲ್ಲ ಮೊಬೈಲ್ ಬಂದ ಮೇಲಿನ ಶೋಕಿ. ನಮ್ಮ ಕಾಲದಲ್ಲಿ ಎಲ್ಲಿತ್ತು?

ಬಯಾಲಜಿ ಮೇಷ್ಟ್ರು: ನಿಮ್ಮ ಕಾಲ ಯಾವುದು ಸ್ವಾಮಿ? ಬರ್ಲಿನ್‌ನ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1910ರಲ್ಲೇ ಈ ಬಗ್ಗೆ ಪುಸ್ತಕ ಬರೆದಿದ್ದರು. ಅವರ ಸಂಸ್ಥೆಯ ಗ್ರಂಥಾಲಯವನ್ನು 1933ರಲ್ಲಿ ನಾಜಿಗಳು ಬೀದಿಗೆ ತಂದು ಸುಟ್ಟರು. ಆಗ ಮೊಬೈಲ್ ಇರಲಿಲ್ಲ.

ಕಿಟ್ಟಿಯವರೇ, ಜನನಾಂಗಗಳು ರೂಪುಗೊಳ್ಳುವುದು ಗರ್ಭದ ಮೊದಲ ತಿಂಗಳುಗಳಲ್ಲಿ. ಮಿದುಳಿನ ಮೇಲೆ ಹಾರ್ಮೋನಿನ ಪ್ರಭಾವ ಆಗುವುದು ಆಮೇಲೆ. ಎರಡೂ ಒಂದೇ ದಾರಿ ಹಿಡಿಯಲೇಬೇಕು ಅಂತಿಲ್ಲ ಎಂಬುದು ಒಂದು ವಾದ. ಅವಳಿಗಳ ಲೆಕ್ಕವೂ ಇದೆ. 2012ರ ಒಂದು ಅಧ್ಯಯನದಲ್ಲಿ, ಒಬ್ಬರಾದರೂ ಟ್ರಾನ್ಸ್ (ಹುಟ್ಟಿದಾಗ ಹೇಳಿದ ಲಿಂಗ ತಮ್ಮದಲ್ಲ ಅನ್ನುವವರು) ಆಗಿದ್ದ ತದ್ರೂಪಿ ಅವಳಿಗಳ 23 ಜೋಡಿ ಇದ್ದವು. 9 ಜೋಡಿಗಳಲ್ಲಿ ಇಬ್ಬರೂ ಟ್ರಾನ್ಸ್. ತದ್ರೂಪಿಗಳಲ್ಲದ 21 ಜೋಡಿಗಳಲ್ಲಿ ಅಂಥದ್ದು ಒಂದೂ ಇಲ್ಲ.

ನೇರನುಡಿ: ಹಾಗಾದರೆ ಉಳಿದ 14 ಜೋಡಿ? ರಕ್ತ ಒಂದೇ ಅಲ್ವಾ?

ಬಯಾಲಜಿ ಮೇಷ್ಟ್ರು: ಇದು ಸರಿಯಾದ ಪ್ರಶ್ನೆ. ಜೀನ್ ಒಂದೇ ಕಾರಣವಾಗಿದ್ದರೆ 23ಕ್ಕೆ 23 ಆಗಬೇಕಿತ್ತು. ಹಾಗಂತ ಬೆಳೆಸಿದ ರೀತಿಯೇ ಎಲ್ಲ ಅನ್ನುವುದೂ ನಿಲ್ಲುವುದಿಲ್ಲ. ಕೆನಡಾದ ಡೇವಿಡ್ ರೈಮರ್ 1965ರಲ್ಲಿ ಗಂಡಾಗಿ ಹುಟ್ಟಿದವರು. ಮಗುವಾಗಿದ್ದಾಗ ಸುನ್ನತಿ ಮಾಡುವಾಗ ಶಿಶ್ನ ಹಾಳಾಯಿತು ಅಂತ ಹೆಣ್ಣಾಗಿ ಬೆಳೆಸಿದರು. ಲಂಗ ತೊಡಿಸಿ, ಹಾರ್ಮೋನ್ ಕೊಟ್ಟರೂ ಅವರು ಹೆಣ್ಣಾಗಲಿಲ್ಲ. ಹದಿಹರೆಯದಲ್ಲಿ ಗಂಡಾಗಿಯೇ ಬದುಕಲು ಶುರು ಮಾಡಿದರು.

ಹುಬ್ಬಳ್ಳಿ ಹುಡುಗಿ: ನಾನು ಟ್ರಾನ್ಸ್ ಮಹಿಳೆ. ಮೇಷ್ಟ್ರ ಮಿದುಳು, ಅವಳಿ ಎಲ್ಲಾ ಓದಿದೆ. ಆದರೆ ನನಗೆ ಕಂಡಿದ್ದು ಬೇರೆ. ನಮ್ಮ ಕಡೆ ನನ್ನಂಥವರಿಗೆ ಊರು ತೆರೆದಿಟ್ಟ ಬಾಗಿಲು ಒಂದೇ, ಎಲ್ಲಮ್ಮನದು. ದೇವಿ ಮೈಮೇಲೆ ಬಂದಳು ಅಂದರೆ ಅಪ್ಪನೂ ಕೈ ಮುಗಿಯುತ್ತಾನೆ. "ನಾನು ಹೆಣ್ಣು" ಅಂದರೆ ಬಾರುಕೋಲು ತೆಗೆಯುತ್ತಾನೆ. ಹಾಗಾಗಿ ದೀಕ್ಷೆಯ ಮುತ್ತು ಕಟ್ಟಿಸಿಕೊಂಡು ಜೋಗಪ್ಪ, ಅಂದರೆ ಸೀರೆ ಉಟ್ಟು ಎಲ್ಲಮ್ಮನ ಸೇವೆ ಮಾಡುವವರು, ಆದವರು ಎಷ್ಟೋ ಮಂದಿ. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಬಂದದ್ದೂ ಆ ದಾರಿಯಲ್ಲೇ. ಬೆಂಗಳೂರು ಸೇರಿದವರು ಹಿಜ್ರಾ ಮನೆತನಕ್ಕೆ ಹೋಗುತ್ತಾರೆ. ಅಲ್ಲಿ ನಿರ್ವಾಣ, ಅಂದರೆ ಗಂಡಿನ ಅಂಗ ತೆಗೆಸುವ ವಿಧಿ, ಉಂಟು. ಜೋಗಪ್ಪಗಳಲ್ಲಿ ಸಾಮಾನ್ಯವಾಗಿ ಇಲ್ಲ, ದೇವಿ ಕೊಟ್ಟ ಮೈ ಹಾಗೇ ಇರಲಿ ಅನ್ನುತ್ತಾರೆ. ಒಳಗಿನ ತಳಮಳ ಒಂದೇ ಇರಬಹುದು. ಅದು ಯಾವ ಹೆಸರು ಹೊತ್ತು ಹೊರಗೆ ಬರುತ್ತದೆ ಅನ್ನುವುದು ಊರಿನ ಕೈಯಲ್ಲಿದೆ. ಮತ್ತೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರನ್ನು ನೀವ್ಯಾರೂ ನೆನೆಯಲೇ ಇಲ್ಲ ನೋಡಿ. ಅವರಿಗೆ ಅಷ್ಟು ಬಾಗಿಲೂ ಇಲ್ಲ.

ಜೀನ್ಸ್ ಅಜ್ಜಿ: 1978ರಲ್ಲಿ ಧಾರವಾಡದಲ್ಲಿ ನಾನು ಪ್ಯಾಂಟ್ ಹಾಕಿಕೊಂಡು ಸೈಕಲ್ ಹೊಡೆದರೆ ಗಂಡುಬೀರಿ ಅಂದರು. ಈಗ ಮೊಮ್ಮಗಳ ಜೀನ್ಸ್ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಅವಳ ಮಿದುಳಿನ ಸ್ಕ್ಯಾನ್ ಯಾರೂ ಕೇಳಿಲ್ಲ! ಗಂಡಸು ಸೀರೆ ಉಟ್ಟರೆ ಮಾತ್ರ ಕಾರಣ ಬೇಕು.

ಬೀಗದ ಕಪಾಟು: ಈ ಹೆಸರಿನಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ವಯಸ್ಸು 47, ಮದುವೆಯಾಗಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಸೀರೆ ಉಡುತ್ತೇನೆ. ಒಂದೆರಡು ಗಂಟೆ ಮನಸ್ಸು ತಣ್ಣಗಿರುತ್ತದೆ. ಆಮೇಲೆ ಮಡಿಸಿಟ್ಟು ಬೀಗ. ನಾನು ಗಂಡಸು ಅನ್ನುವುದರಲ್ಲಿ ಅನುಮಾನ ಬಂದಿಲ್ಲ. ಮೇಷ್ಟ್ರೇ, ನನ್ನಂಥವರ ಲೆಕ್ಕ ಎಲ್ಲಿದೆ?

ಬಯಾಲಜಿ ಮೇಷ್ಟ್ರು: ಪ್ರಾಮಾಣಿಕವಾಗಿ ಹೇಳುತ್ತೇನೆ, ಕಡಿಮೆ. ಆಪರೇಷನ್ ಬೇಕು, ಹಾರ್ಮೋನ್ ಬೇಕು ಅಂದವರು ಆಸ್ಪತ್ರೆಗೆ ಬಂದರು, ಅವರ ಲೆಕ್ಕ ಸಿಕ್ಕಿತು. ಕಪಾಟಿಗೆ ಬೀಗ ಹಾಕಿದವರು ಯಾರ ಬಳಿ ಹೋಗುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಾದ ರೋಗಗಳ ಪಟ್ಟಿಯಲ್ಲಿ ನಿಮ್ಮದನ್ನು ಕಾಯಿಲೆ ಅಂತ ಬರೆದಿಲ್ಲ. ಟ್ರಾನ್ಸ್ ಆಗಿರುವುದನ್ನೂ ಮಾನಸಿಕ ರೋಗಗಳ ಅಧ್ಯಾಯದಿಂದ ತೆಗೆದಿದ್ದಾರೆ.

ಹುಬ್ಬಳ್ಳಿ ಹುಡುಗಿ: ಕಪಾಟಿನವರೇ, ಒಂದು ಮಾತು ಕೇಳಲಾ? ನಾಳೆ ಬೆಳಗ್ಗೆ ಏಳುವಾಗ ಹೆಣ್ಣಾಗಿಯೇ ಎದ್ದರೆ, ಶಾಶ್ವತವಾಗಿ, ಯಾರೂ ಏನೂ ಅನ್ನದಿದ್ದರೆ?

ಬೀಗದ ಕಪಾಟು: ಬೇಡ. ನನಗೆ ಭಾನುವಾರ ಮಧ್ಯಾಹ್ನ ಸಾಕು.

ಹುಬ್ಬಳ್ಳಿ ಹುಡುಗಿ: ನನಗೆ ಏಳನೇ ವಯಸ್ಸಿನಿಂದ ದಿನಾ ರಾತ್ರಿಯ ಬೇಡಿಕೆ ಅದೇ ಆಗಿತ್ತು. ಆದರೆ ಐವತ್ತಾದ ಮೇಲೆ "ಭಾನುವಾರ ಸಾಲದು" ಅಂತ ಬಂದವರನ್ನೂ ಬಲ್ಲೆ. ಗೆರೆ ಎಲ್ಲರಿಗೂ ಒಂದೇ ಕಡೆ ಇಲ್ಲ.

ಕರಾವಳಿ ಕಿಟ್ಟಿ: ಇವತ್ತು ಮಾವನಿಗೆ ಫೋನ್ ಮಾಡಿದೆ. ಬಣ್ಣ ತೊಳೆಯುವಾಗ ಬೇಜಾರಾಗುತ್ತಿತ್ತಾ ಅಂತ ಕೇಳಿದೆ. "ಆಗುತ್ತಿತ್ತು, ಜನ ಎದ್ದು ಹೋದರಲ್ಲ ಅಂತ" ಅಂದರು. ಮೇಳ ಬಿಟ್ಟು ಹತ್ತು ವರ್ಷವಾಯಿತು, ಇನ್ನೂ ಮೀಸೆ ಬಿಟ್ಟಿಲ್ಲ. ಯಾಕೆ ಅಂದೆ. "ಅಭ್ಯಾಸ ಮಾರಾಯ" ಅಂದರು. ಜಾಸ್ತಿ ಕೇಳಲು ನನಗೆ ಬಾಯಿ ಬರಲಿಲ್ಲ.