ದುರ್ಬೀನಿನಲ್ಲಿ ಕಾಣುವ ಬೆಳಕಿನ ಚುಕ್ಕೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಒಂದು ಪದ ಬೇಕಾಗಿದೆ. ನನ್ನ ತಮ್ಮ ಜರ್ಮನಿಯಲ್ಲಿದ್ದಾನೆ. ಅಲ್ಲಿ ಬೇಟೆಯ ಲೈಸೆನ್ಸ್ ಬೇಕಾದರೆ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಓದುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ 8×56ರ ದುರ್ಬೀನು ತಗೊಳ್ತೀನಿ ಅಂದ. ಪಕ್ಕದಲ್ಲಿದ್ದ ಅಪ್ಪ, "ಎಂಟು ಅಂದ್ರೇನು, ಐವತ್ತಾರು ಅಂದ್ರೇನು?" ಅಂತ ಕೇಳಿದರು. ಅಪ್ಪ ಗದ್ದೆಯ ಅಟ್ಟಣೆ ಮೇಲೆ ಕೂತು ಹಂದಿ ಕಾಯುತ್ತ ಎಷ್ಟೋ ರಾತ್ರಿ ಕಳೆದವರು, ಅಲ್ಲಿಯ ಬೇಟೆಗಾರರೂ ಹಂದಿಗೆ ಅಂಥದ್ದೇ ಅಟ್ಟಣೆ ಹತ್ತಿ ಕೂರುತ್ತಾರಂತೆ, ಹಾಗಾಗಿ ಅವರಿಗೆ ಇದರಲ್ಲಿ ತುಂಬಾ ಆಸಕ್ತಿ.

ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 56 ಮಿಲಿಮೀಟರ್. ಇಷ್ಟು ಹೇಳೋದು ಸುಲಭವಾಯಿತು. ಕಷ್ಟ ಬಂದದ್ದು ಆಮೇಲೆ. ದುರ್ಬೀನನ್ನು ಕೈ ಚಾಚಿ ದೂರ ಹಿಡಿದು, ಹಗಲಿನ ಆಕಾಶದ ಕಡೆ ತಿರುಗಿಸಿ, ನಾವು ಕಣ್ಣಿಡುವ ಗಾಜನ್ನು ನೋಡಿದರೆ ಅಲ್ಲಿ ದುಂಡಗಿನ ಬೆಳಕಿನ ಚುಕ್ಕೆ ಕಾಣುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಎಕ್ಸಿಟ್ ಪ್ಯೂಪಿಲ್ ಅಂತಾರೆ. 56ನ್ನು 8ರಿಂದ ಭಾಗಿಸಿ, 7 ಮಿಲಿಮೀಟರ್, ಅದೇ ಚುಕ್ಕೆಯ ಅಗಲ. ಕತ್ತಲಲ್ಲಿ ಹರೆಯದವರ ಕಣ್ಣುಪಾಪೆ ಸುಮಾರು 7ರವರೆಗೂ ಅಗಲವಾಗುತ್ತದೆ, ಹಾಗಾಗಿ ಆ ಬೆಳಕೆಲ್ಲ ಒಳಗೆ ಹೋಗುತ್ತದೆ. ವಯಸ್ಸಾದ ಹಾಗೆ ಪಾಪೆ ಅಷ್ಟು ಅರಳುವುದಿಲ್ಲ, ಎಷ್ಟೋ ಜನರಿಗೆ 5 ಆದರೆ ಜಾಸ್ತಿ. ಅಂಥವರಿಗೆ 8×42 ಸಾಕು, ಅದರ ಚುಕ್ಕೆ 5.25. ಅದಕ್ಕಿಂತ ದೊಡ್ಡದು ತಗೊಂಡರೆ ಸುಮ್ನೆ ಕುತ್ತಿಗೆಗೆ ಭಾರ. ಅಂದರೆ ಬೇಟೆಗಾರ ಮಬ್ಬು ಬೆಳಕಿಗೆ ಯಾವ ದುರ್ಬೀನು ತಗೋಬೇಕು ಅನ್ನೋದು ಈ ಚುಕ್ಕೆಯ ಮೇಲೇ ನಿಂತಿದೆ, ಅದಕ್ಕೇ ನಮಗೆ ಹೆಸರಿಲ್ಲ ಅಂದರೆ ಹೇಗೆ?

'ನಿರ್ಗಮ ತಾರೆ' ಅಂತ ಕಟ್ಟಬಹುದು, ಆದರೆ ಅಪ್ಪನಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನನಗೆ ಹೊಳೆದದ್ದು 'ಬೆಳಕುಪಾಪೆ'. ಪಾಪೆ ಅಂದರೆ ಗೊಂಬೆ, ಎದುರಿನವರ ಕಣ್ಣಲ್ಲಿ ನಮ್ಮದೇ ಪುಟ್ಟ ಗೊಂಬೆ ಕಾಣುತ್ತದಲ್ವಾ. ಇಂಗ್ಲಿಷಿನ ಪ್ಯೂಪಿಲ್‌ಗೆ ಮೂಲವಾದ ಲ್ಯಾಟಿನ್‌ನ 'ಪುಪಿಲ್ಲಾ'ಗೂ ಪುಟ್ಟ ಗೊಂಬೆ ಅನ್ನೋ ಅರ್ಥವಿದೆ. ಎರಡು ಕಡೆಯವರೂ ಒಂದೇ ಕಣ್ಣಿಗೆ ಒಂದೇ ಹೆಸರಿಟ್ಟಿದ್ದಾರೆ ಅಂತ ತಿಳಿದಾಗ ತುಂಬಾ ಖುಷಿಯಾಯಿತು. 'ಬೆಳಕುಪಾಪೆ ಕಣ್ಣುಪಾಪೆಗಿಂತ ದೊಡ್ಡದಾದರೆ ಮಿಕ್ಕ ಬೆಳಕು ದಂಡ' ಅಂದ ತಕ್ಷಣ ಅಪ್ಪನಿಗೆ ಅರ್ಥವಾಯಿತು. ನಿಮಗೂ ಹಾಗೇ ಅನಿಸುತ್ತದಾ?

ಇನ್ನೊಂದು, 'ದುರ್ಬೀನು' ಪದದ್ದು. ಪಾರ್ಸಿಯ ದೂರ್, ಬೀನ್ ಸೇರಿ ಆದದ್ದು, ದೂರ ನೋಡುವಂಥದ್ದು ಅಂತ ಅರ್ಥ. ಜರ್ಮನ್ನರ 'ಫರ್ನ್‌ಗ್ಲಾಸ್' ಕೂಡ ದೂರದ ಗಾಜು. ನಮ್ಮ ಮನೆಯಲ್ಲಿ ದುರ್ಬೀನು ಅಂದರೆ ಎರಡೂ ಕಣ್ಣಿಗೆ ಹಿಡಿಯುವುದು. ಒಂಟಿ ಕೊಳವೆಯದಕ್ಕೂ ಅದನ್ನೇ ಅನ್ನುವವರಿದ್ದಾರೆ. ನಿಮ್ಮ ಕಡೆ ಯಾವುದಕ್ಕೆ ಅನ್ನುತ್ತೀರಿ? ಹಾಗೇ ಕಣ್ಣುಪಾಪೆಗೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ, ತಮ್ಮನಿಗೆ ಟಿಪ್ಪಣಿ ಮಾಡಿಕೊಡುವ ಮೊದಲು ನೋಡಿಕೊಳ್ಳುತ್ತೇನೆ.