ಲಾಗರ್ಸ್‌ಗೆ ಪೋಸ್ಟ್ ಮಾಡಿದರೆ 204 ಬರುತ್ತದೆ, ಆದರೆ ಫೈಲಿನಲ್ಲಿ ಟ್ರೇಸ್ ಇಲ್ಲ

ಪೆರ್ಲ_ಬ್ಯಾಕೆಂಡ್:
ಕಾಸರಗೋಡು ಕಡೆಯ ಒಂದು ಅಡಿಕೆ ಸಂಘದ ರಸೀದಿ ಆ್ಯಪ್. ಸ್ಪ್ರಿಂಗ್ ಬೂಟ್ 3, ಜಾವಾ 17, ಮೈಎಸ್‌ಕ್ಯೂಎಲ್, ಎಂಜಿನ್‌ಎಕ್ಸ್ (ವಿನಂತಿಗಳನ್ನು ಹಂಚುವ ವೆಬ್ ಸರ್ವರ್) ಹಿಂದೆ ಆ್ಯಪ್‌ನ ಎರಡು ಇನ್‌ಸ್ಟೆನ್ಸ್. ವೆಬ್ ಫಾರ್ಮಿನಲ್ಲಿ ಟೈಪ್ ಮಾಡಿದ ಮಲಯಾಳ ಹೆಸರುಗಳು ರಸೀದಿಯಲ್ಲಿ ಸರಿ ಇವೆ. ಪೆರ್ಲ ಕೌಂಟರಿನವರು ಸಿಎಸ್‌ವಿ ಹಾಕಿ ಸೇರಿಸಿದ ಕನ್ನಡ ಹೆಸರುಗಳು ಮಾತ್ರ ???? ಆಗಿವೆ. ಡೇಟಾಬೇಸಿಗೆ ಏನು ಹೋಗುತ್ತಿದೆ ಎಂದು ನೋಡಬೇಕು, ಆದರೆ ಖರೀದಿಯ ಹೊತ್ತಿನಲ್ಲಿ ರೀಸ್ಟಾರ್ಟ್ ಮಾಡುವ ಹಾಗಿಲ್ಲ. ಆಕ್ಚುಯೇಟರ್‌ನ (ಓಡುತ್ತಿರುವ ಆ್ಯಪನ್ನು ನೋಡಲು, ಬದಲಿಸಲು ಸ್ಪ್ರಿಂಗ್ ಬೂಟ್ ಕೊಡುವ ವಿಳಾಸಗಳು) ಲಾಗರ್ಸ್‌ಗೆ ಪೋಸ್ಟ್ ಮಾಡಿ, ಡೇಟಾಬೇಸಿಗೆ ಬರೆಯುವ ಲೈಬ್ರರಿ ಹೈಬರ್ನೇಟ್‌ನ ಬೇಸಿಕ್‌ಬೈಂಡರ್ ಲಾಗರನ್ನು ಟ್ರೇಸ್‌ಗೆ (ಅತಿ ವಿವರದ ಲಾಗ್ ಲೆವೆಲ್) ತಂದಾಯಿತು, 204 (ಯಶಸ್ಸು, ಉತ್ತರದಲ್ಲಿ ಬೇರೇನೂ ಇಲ್ಲ) ಬಂತು. ಒಂದು ಸಾಲೂ ಬರುತ್ತಿಲ್ಲ.

ಕುಂಬಳೆ_ಜಾವಾ:
204 ಬಂದರೆ ವಿನಂತಿ ಮುಟ್ಟಿತು ಎಂದಷ್ಟೇ ಅರ್ಥ. ಇಲ್ಲದ ಹೆಸರು ಕೊಟ್ಟರೂ ಆ ಹೆಸರಿನ ಹೊಸ ಲಾಗರನ್ನು ಹುಟ್ಟಿಸಿ 204 ಕೊಡುತ್ತದೆ. ನಿಮಗೆ ಆಗಿರುವುದು ಅದೇ: ಬೇಸಿಕ್‌ಬೈಂಡರ್ ಹೈಬರ್ನೇಟ್ 5ರ ಹೆಸರು. ಬೂಟ್ 3ರೊಂದಿಗೆ ಬರುವುದು ಹೈಬರ್ನೇಟ್ 6, ಅಲ್ಲಿ ಅದು ಆರ್ಗ್.ಹೈಬರ್ನೇಟ್.ಓಆರ್‌ಎಂ.ಜೆಡಿಬಿಸಿ.ಬೈಂಡ್. ಲೆವೆಲ್ ಟ್ರೇಸೇ ಆಗಬೇಕು, ಡೀಬಗ್‌ನಲ್ಲಿ ವ್ಯಾಲ್ಯೂ ಕಾಣುವುದಿಲ್ಲ. ಪಕ್ಕದಲ್ಲಿ ಎಸ್‌ಕ್ಯೂಎಲ್ ವಾಕ್ಯವೂ ಬೇಕಿದ್ದರೆ ಆರ್ಗ್.ಹೈಬರ್ನೇಟ್.ಎಸ್‌ಕ್ಯೂಎಲ್ ಅನ್ನು ಡೀಬಗ್‌ಗೆ ತನ್ನಿ.

ಇನ್ನೊಂದು ವಿಷಯ ಉಂಟು. ಪೋಸ್ಟ್ ಎಂಜಿನ್‌ಎಕ್ಸ್ ಮೂಲಕ ಹೋದರೆ ಎರಡರಲ್ಲಿ ಒಂದೇ ಜೆವಿಎಂನ (ಓಡುತ್ತಿರುವ ಜಾವಾ ಇನ್‌ಸ್ಟೆನ್ಸ್) ಲೆವೆಲ್ ಬದಲಾಗುತ್ತದೆ. ಸರ್ವರಿನೊಳಗಿಂದಲೇ ಎರಡೂ ಪೋರ್ಟಿಗೆ ಬೇರೆಬೇರೆ ಕರ್ಲ್ (ಕಮಾಂಡಿನಿಂದ ವಿನಂತಿ ಕಳಿಸುವ ಸಾಧನ) ಮಾಡಿ. ಆಮೇಲೆ ಅದೇ ವಿಳಾಸಕ್ಕೆ ಗೆಟ್ ಮಾಡಿ, ಎಫೆಕ್ಟಿವ್‌ಲೆವೆಲ್ (ಈಗ ಜಾರಿಯಲ್ಲಿರುವ ಲೆವೆಲ್) ಟ್ರೇಸ್ ಆಗಿದೆಯೇ ಎಂದು ಎರಡರಲ್ಲೂ ನೋಡಿ.

ಪೆರ್ಲ_ಬ್ಯಾಕೆಂಡ್:
ಹೆಸರು ಬದಲಿಸಿದೆ. ಎರಡರಲ್ಲೂ ಎಫೆಕ್ಟಿವ್‌ಲೆವೆಲ್ ಟ್ರೇಸ್. ಈಗ ಕನ್ಸೋಲಿನಲ್ಲಿ ಬರುತ್ತದೆ, ಫೈಲಿನಲ್ಲಿ ಇಲ್ಲ. ಕನ್ಸೋಲಿನಲ್ಲಿಯೂ ಹೆಸರು ???? ಎಂದೇ ಇದೆ.

ಮುಳ್ಳೇರಿಯ_ಆಪ್ಸ್:
ಕನ್ಸೋಲಿಗೆ ಬಂದು ಫೈಲಿಗೆ ಬಾರದಿದ್ದರೆ ಲಾಗರ್ ಸರಿ ಇದೆ, ತಡೆ ಇರುವುದು ಅಪೆಂಡರಿನಲ್ಲಿ, ಅಂದರೆ ಸಾಲನ್ನು ಫೈಲಿಗೋ ಕನ್ಸೋಲಿಗೋ ಬರೆಯುವ ಭಾಗದಲ್ಲಿ. ಲಾಗ್‌ಬ್ಯಾಕ್ ಎಕ್ಸ್‌ಎಂಎಲ್‌ನಲ್ಲಿ (ಲಾಗ್ ಸೆಟ್ಟಿಂಗಿನ ಫೈಲ್) ಫೈಲ್ ಅಪೆಂಡರಿನ ಒಳಗೆ ಇನ್‌ಫೋಗಿಂತ ಕೆಳಗಿನ ಲೆವೆಲ್ ತಡೆಯುವ ಥ್ರೆಶೋಲ್ಡ್‌ಫಿಲ್ಟರ್ ಇರಬಹುದು. ಲಾಗರ್ ಬಿಟ್ಟದ್ದನ್ನು ಅದು ಬಾಗಿಲಲ್ಲೇ ತಡೆಯುತ್ತದೆ, ಆಕ್ಚುಯೇಟರ್‌ಗೆ ಅದನ್ನು ಮುಟ್ಟಲು ಆಗುವುದಿಲ್ಲ. ಆ ಫೈಲಿನಲ್ಲಿ ಸ್ಕ್ಯಾನ್ (ಬದಲಾವಣೆ ಕಂಡರೆ ತಾನೇ ಮರುಲೋಡ್) ಆನ್ ಇದ್ದರೆ ಫಿಲ್ಟರ್ ತೆಗೆದು ಸೇವ್ ಮಾಡಿದರೆ ಸಾಕು, ಬೇರೆ ಅವಧಿ ಕೊಡದಿದ್ದರೆ ಫೈಲ್ ಬದಲಾಗಿದೆಯೇ ಎಂದು ನಿಮಿಷಕ್ಕೊಮ್ಮೆ ನೋಡುತ್ತದೆ. ಆದರೆ ಮರುಲೋಡ್ ಆದಾಗ ಆಕ್ಚುಯೇಟರ್‌ನಿಂದ ಇಟ್ಟ ಲೆವೆಲ್‌ಗಳೆಲ್ಲ ಅಳಿಸಿಹೋಗುತ್ತವೆ, ಪೋಸ್ಟ್ ಮತ್ತೆ ಮಾಡಬೇಕು. ಸ್ಪ್ರಿಂಗ್‌ಪ್ರೊಫೈಲ್ ಟ್ಯಾಗ್ (ಪ್ರೊಫೈಲಿಗೆ ತಕ್ಕ ಬೇರೆ ಸೆಟ್ಟಿಂಗ್ ಕೊಡುವ ಟ್ಯಾಗ್) ಬಳಸಿದ ಫೈಲಿನಲ್ಲಿ ಸ್ಕ್ಯಾನ್ ನಡೆಯುವುದಿಲ್ಲ. ಹಾಗಿದ್ದರೆ ಸದ್ಯಕ್ಕೆ ಕನ್ಸೋಲಿನಲ್ಲೇ ನೋಡಿ.

ಅಸಿಂಕ್‌ಅಪೆಂಡರ್ (ಸಾಲುಗಳನ್ನು ಕ್ಯೂನಲ್ಲಿಟ್ಟು ಹಿನ್ನೆಲೆಯಲ್ಲಿ ಬರೆಯುವ ಅಪೆಂಡರ್) ಇದ್ದರೆ ಅದರ ಮೇಲೂ ಕಣ್ಣಿಡಿ. ಕ್ಯೂ ಡಿಫಾಲ್ಟ್ 256 ಸಾಲು. ಜಾಗ 20 ಶೇಕಡಕ್ಕಿಂತ ಕಡಿಮೆಯಾದರೆ ಟ್ರೇಸ್, ಡೀಬಗ್, ಇನ್‌ಫೋ ಮೂರನ್ನೂ ಎಸೆಯುತ್ತದೆ. ಒಮ್ಮೆ ಬಂದು ಒಮ್ಮೆ ಬಾರದ ಸಾಲುಗಳಿಗೆ ಕಾರಣ ಹೆಚ್ಚಾಗಿ ಇದೇ. ಡಿಸ್ಕಾರ್ಡಿಂಗ್‌ಥ್ರೆಶೋಲ್ಡ್ 0 ಮಾಡಿದರೆ ಎಸೆಯುವುದಿಲ್ಲ, ಬದಲಿಗೆ ಕ್ಯೂ ತುಂಬಿದಾಗ ಆ್ಯಪ್ ಕಾಯುತ್ತದೆ. ಕೌಂಟರ್ ನಡೆಯುವಾಗ ಅದನ್ನು ಮಾಡಬೇಡಿ.

ಕುಂಬಳೆ_ಜಾವಾ:
ಕನ್ಸೋಲಿನ ???? ನೋಡಿ ಡೇಟಾ ಕೆಟ್ಟಿದೆ ಎಂದು ಈಗಲೇ ನಂಬಬೇಡಿ. ಜಾವಾ 17ರಲ್ಲಿ ಲಾಗಿನ ಎನ್‌ಕೋಡರಿಗೆ ಚಾರ್‌ಸೆಟ್ (ಅಕ್ಷರವನ್ನು ಬೈಟ್ ಮಾಡುವ ಕ್ರಮ) ಕೊಡದಿದ್ದರೆ ಓಎಸ್‌ನ ಡಿಫಾಲ್ಟ್ ಬಳಸುತ್ತದೆ. ಸಿಸ್ಟಂಡಿಯಿಂದ (ಲಿನಕ್ಸಿನಲ್ಲಿ ಸರ್ವಿಸ್ ಎಬ್ಬಿಸುವ ವ್ಯವಸ್ಥೆ) ಲೊಕೇಲ್, ಅಂದರೆ ಭಾಷೆ-ಅಕ್ಷರದ ಸೆಟ್ಟಿಂಗ್ ಇಲ್ಲದೆ ಎದ್ದ ಸರ್ವಿಸ್ ಕನ್ನಡ ಅಕ್ಷರಕ್ಕೆಲ್ಲ ಪ್ರಶ್ನಾರ್ಥಕ ಚಿಹ್ನೆ ಬರೆಯುತ್ತದೆ. ಯುಟಿಎಫ್-8 ಡಿಫಾಲ್ಟ್ ಆದದ್ದು ಜಾವಾ 18ರಿಂದ. ಮೈಎಸ್‌ಕ್ಯೂಎಲ್‌ನಲ್ಲಿ ಆ ಹೆಸರಿನ ಹೆಕ್ಸ್ (ಉಳಿಸಿದ ಬೈಟ್‌ಗಳ ರೂಪ) ತೆಗೆಯಿರಿ. ಸರಿಯಾದ ಕನ್ನಡ ಅಕ್ಷರ 3 ಬೈಟ್, ಇ0ಬಿ2 ಅಥವಾ ಇ0ಬಿ3ರಿಂದ ಶುರು. 3ಎಫ್3ಎಫ್3ಎಫ್ (3ಎಫ್ ಎಂದರೆ ?) ಕಂಡರೆ ಮೂಲ ಅಕ್ಷರ ಕಳೆದೇ ಹೋಗಿದೆ.

ಪೆರ್ಲ_ಬ್ಯಾಕೆಂಡ್:
3ಎಫ್‌ಗಳ ಸಾಲೇ ಉಂಟು. ಫಾರ್ಮಿನಿಂದ ಬಂದ ಕನ್ನಡ ಹೆಸರೊಂದನ್ನು ನೋಡಿದೆ, ಅದು ಇ0ಬಿ2.

ಮುಳ್ಳೇರಿಯ_ಆಪ್ಸ್:
ಹಾಗಾದರೆ ಮೊದಲು ಅನುಮಾನಿಸಬೇಕಾದ್ದು ಸಿಎಸ್‌ವಿಯನ್ನೇ. ಎಕ್ಸೆಲ್‌ನಲ್ಲಿ ಬರೀ ಸಿಎಸ್‌ವಿ ಎಂದು ಸೇವ್ ಮಾಡಿದರೆ ಕನ್ನಡ ಅಕ್ಷರ ಆಗಲೇ ? ಆಗುತ್ತದೆ. ಕೌಂಟರಿನವರ ಹತ್ತಿರ ಮೂಲ ಎಕ್ಸೆಲ್ ಶೀಟ್ ಇದ್ದರೆ ‘ಸಿಎಸ್‌ವಿ ಯುಟಿಎಫ್-8’ ಆಯ್ದು ಮತ್ತೆ ಸೇವ್ ಮಾಡಿಸಿ, ಹೊಸದಾಗಿ ಹಾಕಿ. ಆ ಫೈಲಿನ ಮೊದಲಿಗೆ ಬಿಓಎಂನ (ಯುಟಿಎಫ್-8 ಎಂದು ತೋರಿಸುವ ಗುರುತು) 3 ಬೈಟ್ ಇರುತ್ತದೆ, ಸಿಎಸ್‌ವಿ ಓದುವ ಪಾರ್ಸರ್ ಅದನ್ನು ದಾಟಿ ಹೋಗದಿದ್ದರೆ ಮೊದಲ ಕಾಲಂನ ಹೆಸರು ಹೊಂದುವುದಿಲ್ಲ.

ಮತ್ತು ಬೈಂಡ್ ಲಾಗರಿನ ಕಾನ್ಫಿಗರ್ಡ್‌ಲೆವೆಲ್‌ಗೆ ನಲ್ ಕಳಿಸಿ ಈಗಲೇ ಹಿಂದಕ್ಕೆ ತನ್ನಿ, ಎರಡೂ ಪೋರ್ಟಿನಲ್ಲಿ. ಸದಸ್ಯರ ಫೋನು, ಖಾತೆ ನಂಬರ್ ಎಲ್ಲ ಆ ಟ್ರೇಸ್‌ನಲ್ಲಿ ಬಿಡಿಸಿಟ್ಟ ಹಾಗೆ ಬೀಳುತ್ತಿರುತ್ತದೆ.